ಸದ್ದಿಲ್ಲದೆ ಇಳಿಯುವ ಪಾಠ

ಗೆಳೆಯರೇ, ಇವತ್ತು ನನ್ನ ಜಿಗಿತದ ಮೇಲೆ ತಕರಾರು ಬಂತು.

ಮುಂಡರಗಿಯ ವಾಲಿಬಾಲ್ ಪಂದ್ಯದಲ್ಲಿ ಸ್ಮ್ಯಾಶ್ ಹೊಡೆದು, ಮೊಣಕಾಲು ಬಗ್ಗಿಸದೆ ನೆಲಕ್ಕಿಳಿದು ಲಿಗಮೆಂಟ್ ಹರಿದುಕೊಂಡವಳು ನಾನು. ಆಪರೇಷನ್ ಆಗಿ, ಈಗ ಬೆಟಗೇರಿಯ ಮಹಡಿ ಕೋಣೆಯಲ್ಲಿ ಒಬ್ಬಳೇ ಇದ್ದು ಮತ್ತೆ ಜಿಗಿಯಲು ಕಲಿಯುತ್ತಿದ್ದೇನೆ. ತಂಡದವರ ಫೋನ್ ನಿಂತು ಬಹಳ ದಿನವಾಯಿತು.

ಬೆಳಿಗ್ಗೆ ಗಿಡ್ಡ ಮಣೆಯಿಂದ ಜಿಗಿಯುತ್ತಿದ್ದಾಗ ಕೆಳಗಿನ ಮನೆಯ ಶಾಂತಕ್ಕ ಏದುಸಿರು ಬಿಡುತ್ತ ಹತ್ತಿ ಬಂದರು.

"ಏನವಾ, ಏನ ಕುಟ್ಟಾಕತ್ತಿ? ನಮ್ಮ ಫ್ಯಾನ್ ಅಳ್ಳಾಡಾಕತ್ತೈತಿ!"

"ಜಿಗದು ಇಳಿಯೋದು ಕಲಿಯಾಕತ್ತೀನ್ರಿ ಅಕ್ಕಾರ. ಮೊಣಕಾಲು ಬಗ್ಗಿಸಿ ಮೆತ್ತಗ ಇಳೀಬೇಕಂತ. ದಪ್ ಅಂದ್ರ ಪೆಟ್ಟು ಮೊಣಕಾಲಿಗೇ ಬೀಳತೈತಂತ್ರಿ."

"ಹಂಗಾರ ನಾ ಕೆಳಗ ಕುಂತು ಕೇಳ್ತೀನಿ, ಜಿಗಿ."

ನಾನು ಜಿಗಿದಾಗಲೆಲ್ಲ ಕೆಳಗಿನಿಂದ "ಕೇಳಿಸ್ತು!" ಎಂದು ಕೂಗಿದರು. ಇತ್ತೀಚೆಗೆ ಯಾರೂ ನನ್ನನ್ನು ಅಷ್ಟು ಗಮನಿಸಿರಲಿಲ್ಲ. ಕೊನೆಗೊಮ್ಮೆ ಸದ್ದಾಗಲಿಲ್ಲ. "ಆತು ನೋಡವಾ, ಇನ್ನ ನನ್ನ ಕೆಲಸಿಲ್ಲ" ಎಂದು ಬಾಗಿಲು ಹಾಕಿಕೊಂಡರು.

ಆಮೇಲೆ ಕೋಣೆ ತೀರಾ ಸುಮ್ಮನಾಯಿತು. ಸಂಜೆ ತಡೆಯಲಾಗದೆ, ಪೆಟ್ಟಾಗದ ಕಾಲಿನಿಂದ ನೆಲವನ್ನು ಜೋರಾಗಿ ಒಮ್ಮೆ ಒದ್ದೆ. ಕೆಳಗಿನಿಂದ ದನಿಯೇ ಇಲ್ಲ. ಬಗ್ಗಿ ನೋಡಿದರೆ ಬಾಗಿಲಿಗೆ ಬೀಗ, ಶಾಂತಕ್ಕ ಪೇಟೆಗೆ ಹೋಗಿದ್ದರು.

ಅಷ್ಟು ಒಳ್ಳೆಯ ಸದ್ದು ಸುಮ್ಮನೆ ದಂಡವಾಯಿತು.