ಐರೋಲಿಯಲ್ಲಿ ಒಣಗಿದ ಹಲಗೆ

ನಾನು ಮಾಡಿದ ಮೊದಲ ಗಿಟಾರ್ ಜನವರಿಯ ಒಂದು ಭಾನುವಾರ ಮಧ್ಯಾಹ್ನ, ನಾವು ಊಟಕ್ಕೆ ಕೂತಿದ್ದಾಗ ಒಡೆಯಿತು. ಯಾರೂ ಅದನ್ನು ಮುಟ್ಟಿರಲಿಲ್ಲ. ಗ್ಯಾಲರಿಯಿಂದ, ಅಂದರೆ ಬಾಲ್ಕನಿಯಿಂದ, ಟಪ್ ಎಂದು ಸದ್ದು ಬಂತು. ಪಾರಿವಾಳ ಇರಬೇಕು ಎಂದಳು ಅಮ್ಮ. ನಾನು ಎಂಜಲು ಕೈಯಲ್ಲೇ ಎದ್ದು ಹೋಗಿ ನೋಡಿದೆ. ತಂತಿಗಳ ಪಕ್ಕದಲ್ಲಿ, ಮೇಲ್ಹಲಗೆಯ ಉದ್ದಕ್ಕೂ, ಕೂದಲೆಳೆಯಷ್ಟು ಸಣ್ಣ ಬಿರುಕು.

ತಪ್ಪು ನನ್ನದೇ. ಗಿಟಾರಿನ ಮೇಲ್ಹಲಗೆ ಮೂರು ಮಿಲಿಮೀಟರಿಗಿಂತಲೂ ತೆಳುವಾಗಿರುತ್ತದೆ. ತಂತಿಗಳ ಎಳೆತಕ್ಕೆ ಅದು ಬಾಗದಿರಲೆಂದು ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ನಾನು ಅವನ್ನು ಅಂಟಿಸಿದ್ದು ಜುಲೈಯಲ್ಲಿ, ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ, ಡಬ್ಬಿಯೊಳಗಿನ ಉಪ್ಪು ನೀರಾಗುವ ದಿನಗಳಲ್ಲಿ. ಹಲಗೆ ಆಗ ತೇವ ಹೀರಿ ಅಗಲವಾಗಿತ್ತು. ಚಳಿಗಾಲ ಬಂದಾಗ ಅದು ಒಣಗಿ ಕುಗ್ಗಲು ನೋಡಿತು. ಪಟ್ಟಿಗಳು ಬಿಡಲಿಲ್ಲ.

"ಇನ್ನೊಂದು ಮಾಡು," ಎಂದಳು ಅಮ್ಮ. "ಅದು ಬರುವ ಜನವರಿ ದಾಟಿದ್ರೆ ಗ್ಯಾಲರಿ ನಿಂದು. ಅದೂ ಒಡೆದ್ರೆ ಅಲ್ಲಿಗೆ ವಾಷಿಂಗ್ ಮಷಿನ್ ಬರ್ತದೆ. ಆಮೇಲೆ ಮುಖ ಊದಿಸ್ಬೇಡ."

ನಮ್ಮದು ಒಂದು ಬೆಡ್‌ರೂಮಿನ ಮನೆ. ಗ್ಯಾಲರಿ ಬಿಟ್ಟರೆ ನನಗೆ ಉಳಿ ಇಡಲೂ ಬೇರೆ ಜಾಗವಿಲ್ಲ. ಮೇಲ್ಹಲಗೆಗೆ ತಕ್ಕ ಮರ ಇನ್ನು ಒಂದೇ ತುಂಡು ಉಳಿದಿತ್ತು. ಜನವರಿಯ ಪರೀಕ್ಷೆಗೆ ಗಿಟಾರ್ ಪೂರ್ತಿಯಾಗಿ ಸಿದ್ಧವಿರಬೇಕಾದರೆ ಪಟ್ಟಿಗಳನ್ನು ಆಗಸ್ಟಿನಲ್ಲೇ ಅಂಟಿಸಬೇಕು. ಅಂದರೆ ಮತ್ತೆ ಮಳೆಗಾಲದಲ್ಲಿ. ಹವೆಯ ತೇವ ಅಳೆಯುವ ಸಣ್ಣದೊಂದು ಮೀಟರ್ ತರಿಸಿ ಗೋಡೆಗೆ ನೇತುಹಾಕಿದೆ. ಆಗಸ್ಟಿನಲ್ಲಿ ಅದು ಶೇಕಡಾ ಎಂಬತ್ತಾರು ತೋರಿಸಿತು. ನನಗೆ ಬೇಕಿದ್ದದ್ದು ಐವತ್ತರ ಒಳಗೆ. ಏಸಿ ನಮ್ಮ ಮನೆಯಲ್ಲಿಲ್ಲ.

ನನ್ನ ಆಫೀಸು ಐರೋಲಿಯಲ್ಲಿ. ಅಲ್ಲಿ ವರ್ಷವಿಡೀ ಶಾಲು ಹೊದ್ದು ಕೂರುತ್ತೇನೆ. ಒಂದು ದಿನ ಮೀಟರನ್ನು ಪರ್ಸಿನಲ್ಲಿ ಒಯ್ದು ಮೇಜಿನ ಮೇಲೆ, ಕಂಪ್ಯೂಟರಿನ ಹಿಂದೆ ಇಟ್ಟೆ. ಸಂಜೆಗೆ ನಲವತ್ತೆಂಟು. ಅಂದೇ ತೀರ್ಮಾನಿಸಿದೆ: ಹಲಗೆ ಅಲ್ಲೇ ಒಣಗಬೇಕು, ಅಂಟಿಸುವುದೂ ಅಲ್ಲೇ ಆಗಬೇಕು. ಮನೆಗೆ ತರುವಷ್ಟರಲ್ಲಿ ಅದು ಮತ್ತೆ ತೇವ ಕುಡಿದಿರುತ್ತದೆ.

ಗಿಟಾರ್ ಮಾಡುತ್ತೇನೆಂದು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನುಡಿಸು ಎನ್ನುತ್ತಾರೆ. ನನಗೆ ನುಡಿಸಲು ಅಷ್ಟಾಗಿ ಬರುವುದಿಲ್ಲ.

ಸೋಮವಾರ ಹಲಗೆಯನ್ನು ಎರಡು ಪ್ಲೈವುಡ್ಡುಗಳ ನಡುವೆ ಕಟ್ಟಿ, ಬಟ್ಟೆಯ ಚೀಲಕ್ಕೆ ಹಾಕಿ ಲೋಕಲ್ ರೈಲು ಹತ್ತಿದೆ. ಲೇಡೀಸ್ ಡಬ್ಬದ ನೂಕಿನಲ್ಲಿ ಅದನ್ನು ಎದೆಗವಚಿಕೊಂಡು ನಿಂತಿದ್ದೆ. ಪಕ್ಕದ ಹೆಂಗಸು ಬೆರಳಿನಿಂದ ಚೀಲ ತಟ್ಟಿ, "ಪೋಳಪಾಟ್ ಹೈ ಕ್ಯಾ?" ಎಂದಳು. ಚಪಾತಿ ಲಟ್ಟಿಸುವ ಮಣೆ ಎಂದುಕೊಂಡಿದ್ದಳು. ನಾನು ಹೂಂ ಎಂದೆ. "ಇತ್ನಾ ಬಡಾ? ಸಸುರಾಲ್ ಮೇ ಕಿತ್ನೇ ಲೋಗ್ ಹೈ ರೇ?" ಅತ್ತೆಮನೆಯಲ್ಲಿ ಎಷ್ಟು ಜನ ಎಂಬ ಆ ಮಾತಿಗೆ ಸುತ್ತಲಿದ್ದವರು ನಕ್ಕರು. ಠಾಣೆಯಲ್ಲಿ ಗಾಡಿ ಬದಲಿಸುವವರೆಗೂ ನನ್ನ ಗಮನವೆಲ್ಲ ಆ ಹೆಂಗಸಿನ ಮೊಣಕೈ ಮೇಲೆಯೇ ಇತ್ತು.

ಐದು ದಿನ ಹಲಗೆ ನನ್ನ ಮೇಜಿನ ಹಿಂದೆ, ಗೋಡೆಗೆ ಒರಗಿ ಒಣಗಿತು. ಕೇಳಿದವರಿಗೆ ಡ್ರಾಯಿಂಗ್ ಬೋರ್ಡ್ ಎಂದೆ. ಶುಕ್ರವಾರ ಸಂಜೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಶನಿವಾರ ರಜೆ, ಯಾರೂ ಇರುವುದಿಲ್ಲ. ಪಟ್ಟಿಗಳನ್ನು ಅಂಟಿಸಲು ಅದೇ ಸರಿಯಾದ ದಿನ ಎಂದುಕೊಂಡಿದ್ದೆ.

ಯಾರೂ ಇಲ್ಲದ ದಿನ ಏಸಿಯೂ ಇರುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಶನಿವಾರ ಆಫೀಸಿನ ಬಾಗಿಲು ತೆರೆದಾಗ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಮೀಟರಿನಲ್ಲಿ ಎಪ್ಪತ್ತೊಂದು. ಸೋಮವಾರ ಏಸಿ ಬರುತ್ತದೆ, ಆದರೆ ಜನರೂ ಬರುತ್ತಾರೆ. ಪ್ಲಾಸ್ಟಿಕ್ಕು ಎಷ್ಟು ಹೊತ್ತು ತೇವವನ್ನು ತಡೆಯುತ್ತದೋ ತಿಳಿಯದು. ಕಟ್ಟನ್ನು ಬಿಚ್ಚುವ ಧೈರ್ಯವಾಗದೆ ಅದನ್ನು ಹಿಡಿದುಕೊಂಡು ಲಿಫ್ಟಿನ ಎದುರು ನಿಂತೆ.

ಕ್ಯಾಂಟೀನ್ ನಡೆಸುವವರು ಉಡುಪಿ ಕಡೆಯವರು, ಅಪ್ಪನಷ್ಟು ವಯಸ್ಸು. ಶನಿವಾರ ಅವರಿಗೆ ಸಾಮಾನು ಬರುವ ದಿನ. ನಾನು ಫೋನಿನಲ್ಲಿ ಅಮ್ಮನೊಂದಿಗೆ ಕನ್ನಡ ಮಾತಾಡುವುದನ್ನು ಕೇಳಿದಂದಿನಿಂದ ಅವರೂ ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಎಂತ ಮಾರಾಯ್ತಿ, ಶನಿವಾರವೂ ಡ್ಯೂಟಿಯಾ?" ಲಿಫ್ಟಿನಿಂದ ಹೊರಬಂದ ಅವರು ಕೇಳಿದರು.

"ಇಲ್ಲ ಅಣ್ಣ." ನಾನು ಕಟ್ಟನ್ನು ನೋಡಿದೆ. "ಎಲ್ಲಾದ್ರೂ ಏಸಿ ಆನ್ ಇದೆಯಾ?"

"ಸೆಕೆಯಾ? ಬಾ, ಫ್ಯಾನ್ ಹಾಕ್ತೇನೆ."

"ನನಗಲ್ಲ. ಇದಕ್ಕೆ."

"ಇದಕ್ಕೆ ಎಂತ ಸೆಕೆ?"

ಹೇಳಬೇಕಾಯಿತು. ಹಲಗೆ, ಪಟ್ಟಿ, ಜನವರಿ, ವಾಷಿಂಗ್ ಮಷಿನ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಗಿಟಾರಾ? ನೀನಾ? 'ಒಂದು ಚಾ, ಸಕ್ಕರೆ ಕಮ್ಮಿ.' ಎರಡು ವರ್ಷದಲ್ಲಿ ನೀನು ಆಡಿದ ಮಾತು ಇಷ್ಟೇ!" ಸೊಂಟದಿಂದ ಬೀಗದಕೈ ತೆಗೆದರು. "ಬಾ. ನನ್ನ ರವೆಗೆ ಏಸಿ ಉಂಟು. ಮನೆಯಲ್ಲಿ ನನಗೇ ಇಲ್ಲ. ರವೆಗೆ ಹುಳ ಬಿದ್ರೆ ಕಂಪನಿಯವರು ನನ್ನನ್ನೇ ಹುರಿದು ಉಪ್ಪಿಟ್ಟು ಮಾಡ್ತಾರೆ."

ಕ್ಯಾಂಟೀನಿನ ಹಿಂದಿದ್ದ ಆ ಉಗ್ರಾಣದಲ್ಲಿ ಹಳೆಯ ಏಸಿಯೊಂದು ಗೊರಗೊರ ಎನ್ನುತ್ತಿತ್ತು. ಮೀಟರನ್ನು ಹಪ್ಪಳದ ಕಟ್ಟಿನ ಮೇಲಿಟ್ಟು ಕಾದೆ. ಐವತ್ತೆಂಟು, ಐವತ್ತಮೂರು. ಹೊರಗೆ ಹಮಾಲರು ಮೂಟೆ ಇಳಿಸುತ್ತಿದ್ದರು. ಬಾಗಿಲು ತೆರೆದುಕೊಂಡಾಗಲೆಲ್ಲ ಅಂಕಿ ಮೇಲೇರುತ್ತಿತ್ತು.

"ಅಣ್ಣ, ಒಂದು ಗಂಟೆ ಬಾಗಿಲು ತೆಗೆಯದೆ ಇರ್ತೀರಾ?" ಎಂದೆ. ಅಷ್ಟು ದೊಡ್ಡ ಉಪಕಾರವನ್ನು ನಾನು ಹೊರಗಿನವರ ಬಳಿ ಕೇಳಿದ ನೆನಪಿಲ್ಲ.

ಅವರು ಹೊರಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನಿಲ್ಲಿ, ಒಳಗೆ ಆಪರೇಶನ್ ನಡೆದಿದೆ ಎಂದು ಹಮಾಲರಿಗೆ ಮರಾಠಿಯಲ್ಲಿ ಹೇಳುವುದು ನನಗೆ ಕೇಳಿಸುತ್ತಿತ್ತು: "ಥಾಂಬಾ ರೇ! ಆತ್ ಆಪರೇಶನ್ ಚಾಲೂ ಆಹೆ!"

ನಲವತ್ತೊಂಬತ್ತಕ್ಕೆ ಪ್ಲಾಸ್ಟಿಕ್ಕು ಬಿಚ್ಚಿದೆ. ಅಂಟು ಹಚ್ಚಿದ ಮೇಲೆ ಸಿಗುವುದು ಐದೇ ನಿಮಿಷ. ಪಟ್ಟಿಗಳನ್ನು ಪೆನ್ಸಿಲ್ ಗೆರೆಗಳ ಮೇಲೆ ಕೂರಿಸಿ, ಪ್ಲೈವುಡ್ ಮುಚ್ಚಿದೆ. ಬಿಗಿಯಲು ತಂದಿದ್ದ ಆರು ಕ್ಲ್ಯಾಂಪುಗಳು ಅಂಚನ್ನಷ್ಟೇ ಹಿಡಿದವು. ನಡುವಿಗೆ ಏನೂ ಇರಲಿಲ್ಲ. ಸುತ್ತ ನೋಡಿದೆ. ತೊಗರಿಬೇಳೆಯ ಐದು ಕಿಲೋ ಚೀಲಗಳನ್ನು ಒಂದೊಂದಾಗಿ ಎತ್ತಿ ಪ್ಲೈವುಡ್ಡಿನ ಮೇಲೆ ಪೇರಿಸಿದೆ. ನಾಲ್ಕನೆಯದನ್ನು ಇಡುವಾಗ ಕೆಳಗೆ ಏನೋ ಜಾರಿದಂತಾಯಿತು. ಎತ್ತಿ ನೋಡುವಂತಿರಲಿಲ್ಲ.

"ಸೋಮವಾರದ ತನಕ ಇಲ್ಲೇ ಇರ್ಲಿ," ಎಂದರು ಅವರು. "ನಾನಂತೂ ಮುಟ್ಟುದಿಲ್ಲ. ಇಲಿಗೆ ಸಂಗೀತ ಇಷ್ಟವಾದ್ರೆ ನನ್ನನ್ನು ಕೇಳ್ಬೇಡ."

ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಬೇಳೆ ಇಳಿಸಿದೆ. ಒಂದು ಪಟ್ಟಿ ಗೆರೆಯಿಂದ ಎರಡು ಮಿಲಿಮೀಟರ್ ಸರಿದು ಅಂಟಿತ್ತು. ಕಿತ್ತರೆ ಹಲಗೆಯೇ ಹರಿಯುತ್ತಿತ್ತು. ಹಾಗೇ ಬಿಟ್ಟೆ. ಅಂದು ಚಹಾದ ಹೊತ್ತಿಗೆ ಇಡೀ ಆಫೀಸಿಗೆ ವಿಷಯ ತಿಳಿದಿತ್ತು. ಇಬ್ಬರು ನುಡಿಸು ಎಂದರು.

ಹವೆ ತಾನಾಗಿ ಒಣಗಿದ ಮೇಲೆ, ನವೆಂಬರಿನಲ್ಲಿ ಮೇಲ್ಹಲಗೆಯನ್ನು ಅಂಟಿಸಿ ಗಿಟಾರಿನ ಡಬ್ಬ ಮುಚ್ಚಿದೆ. ಡಿಸೆಂಬರಿನಲ್ಲಿ ತಂತಿ ಕಟ್ಟಿದೆ. ಜನವರಿಯಿಡೀ ದಿನವೂ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಹಲಗೆ ನೋಡುತ್ತಿದ್ದೆ. ಒಮ್ಮೆ ತಂತಿಗಳನ್ನು ಹೊತ್ತ ಸೇತುವೆಯ ಕೆಳಗೆ ಗೆರೆ ಕಂಡು ಉಗುರಿನಿಂದ ಗೀರಿ ನೋಡಿದೆ. ಅದು ಮರದ ಎಳೆ. ಮರುದಿನವೂ ಅಲ್ಲೇ ನೋಡಿದೆ.

ಕ್ಯಾಂಟೀನಿನಲ್ಲಿ ದಿನವೂ ಒಂದೇ ಪ್ರಶ್ನೆ. "ಒಡೆಯಿತಾ?"

"ಇನ್ನೂ ಇಲ್ಲ."

ಫೆಬ್ರವರಿ ಒಂದಕ್ಕೆ ಅಮ್ಮ ಗ್ಯಾಲರಿಯ ಕಸ ಗುಡಿಸಿ, ನನ್ನ ಉಳಿಗಳನ್ನು ಇದ್ದಲ್ಲೇ ಬಿಟ್ಟಳು. ಅಂದು ಕ್ಯಾಂಟೀನಿಗೆ ಚಹಾ ತರಲು ಹೋದಾಗ "ದಾಟಿತು" ಎಂದೆ.

"ಹಾಗಾದ್ರೆ ತಾ ಒಮ್ಮೆ. ನನ್ನ ಬೇಳೆ ಹೊತ್ತದ್ದು, ನಾನೂ ಕೇಳ್ಬೇಡ್ವಾ?"

ತರುತ್ತೇನೆ ಎಂದಿದ್ದೇನೆ. ಯಾವ ದಿನವೆಂದು ಹೇಳಿಲ್ಲ. ಬೆಳಗಿನ ಗಾಡಿಗಳಲ್ಲಿ ಜನ ತುಸು ಕಡಿಮೆ ಇರುವುದು ಯಾವುದರಲ್ಲಿ ಎಂದು ನೋಡುತ್ತಿದ್ದೇನೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ಹಾಡನ್ನು ಕಲಿಯುತ್ತಿದ್ದೇನೆ. ಎರಡನೆಯ ಸಾಲಿನಲ್ಲಿ ಬೆರಳು ಇನ್ನೂ ತಪ್ಪುತ್ತದೆ.