ಕೇಳದೆ ಹಾಕಿದ ಅಟ್ಟೆ

ಬೀದಿಯವರು ಆತನನ್ನು ಡಾಕ್ಟ್ರು ಎನ್ನುತ್ತಿದ್ದರು. ಆತ ರಿಪೇರಿ ಮಾಡುತ್ತಿದ್ದುದು ಶೂ, ಚಪ್ಪಲಿಗಳನ್ನು. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಅಂಗಡಿ. ನೆಟ್ಟಗೆ ನಿಂತರೆ ತಲೆ ತಾಗುವ ಜಾಗ. ಅಲ್ಲಿ ಮೂವತ್ತೊಂದು ವರ್ಷ ಕೂತವನು. ಪಕ್ಕದಲ್ಲಿ ಹೆಂಡತಿ ಬ್ಯಾಗುಗಳಿಗೆ ಜಿಪ್ ಹಾಕುತ್ತಿದ್ದಳು. ಮಾಡಿಕೊಟ್ಟ ಕೆಲಸ ಒಮ್ಮೆಯೂ ತಿರುಗಿ ಬಂದಿಲ್ಲ ಎಂಬುದು ಆತನ ಹೆಮ್ಮೆ. ಬಕಲ್ ಕಿತ್ತಿದೆ ಎಂದು ಕೊಟ್ಟರೆ, ಬಕಲ್ ಜೊತೆಗೆ ಸವೆದ ಹಿಮ್ಮಡಿಯನ್ನೂ ಸರಿಮಾಡಿ ಕೊಡುತ್ತಿದ್ದ. ಯಾರನ್ನೂ ಕೇಳುವ ಪದ್ಧತಿಯಿಲ್ಲ. ಶೂ ತನ್ನ ಕಷ್ಟವನ್ನು ತಾನೇ ಹೇಳುತ್ತದೆ, ಹಾಕಿಕೊಂಡವರನ್ನು ಕೇಳುವುದೇನು ಎಂಬುದು ಆತನ ವಾದ.

ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಒಂದು ಜೊತೆ ಬಟ್ಟೆಯ ಶೂ ತಂದು, ಪಕ್ಕದ ಹೊಲಿಗೆ ಬಿಟ್ಟಿದೆ, ನಾಡಿದ್ದು ಬೆಟ್ಟಕ್ಕೆ ಹೊರಟಿದ್ದೇನೆ ಎಂದಳು. ಬೆನ್ನಿಗೆ ಚೀಲ ಏರಿಸಿ ಆರು ದಿನದ ನಡಿಗೆ. ಅವಳು ಹೋದ ಮೇಲೆ ಆತ ಶೂ ಮಗುಚಿ ನೋಡಿ ಹೌಹಾರಿದ. ಅಂಗಾಲಿನ ಕೆಳಗಿನ ಅಟ್ಟೆ ರಟ್ಟಿನಷ್ಟೂ ದಪ್ಪವಿಲ್ಲ. ಹಿಮ್ಮಡಿಯೇ ಇಲ್ಲ. ಮಡಚಿದರೆ ಕರವಸ್ತ್ರದಂತೆ ಮುದುಡಿಕೊಳ್ಳುತ್ತದೆ. ಪಾಪ, ಎಷ್ಟು ನಡೆದಿದ್ದಾಳೋ, ಎಲ್ಲ ಸವೆದುಹೋಗಿದೆ ಎಂದುಕೊಂಡ. ಹೊಲಿಗೆ ಹಾಕಿದ. ಆಮೇಲೆ ಅಂಗಡಿಯಲ್ಲಿದ್ದ ಒಳ್ಳೆಯ ರಬ್ಬರು ಆರಿಸಿ, ಎರಡು ಬೆರಳು ದಪ್ಪದ ಅಟ್ಟೆ ಕೂರಿಸಿ, ಹಿಮ್ಮಡಿ ಎತ್ತರಿಸಿದ.

ಮರುದಿನ ಬೆಳಿಗ್ಗೆ ಬಂದವಳು ಇದು ಬೇರೆ ಯಾರದ್ದೋ ಶೂ ಎಂದಳು. ತನ್ನದೇ ಎಂದು ತಿಳಿದಾಗ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅಣ್ಣಾ, ಅದು ಇರೋದೇ ಹಾಗೆ. ತೆಳ್ಳಗಿರ್ಲಿ ಅಂತಾನೇ ತಗೊಂಡಿದ್ದು."

ಹೋದ ಸಲ ದಪ್ಪ ಬೂಟು ಹಾಕಿ ಎರಡು ಉಗುರು ಕಳೆದುಕೊಂಡಿದ್ದಳಂತೆ. ಆಮೇಲೆ ವರ್ಷವಿಡೀ ಈ ತೆಳು ಶೂನಲ್ಲಿ, ಮೊದಲು ಬೀದಿಯ ಕೊನೆಯವರೆಗೆ, ಬರಬರುತ್ತಾ ಊರಾಚೆಯ ಕಲ್ಲುದಾರಿಯವರೆಗೆ ನಡೆದು ಕಾಲನ್ನು ಪಳಗಿಸಿದ್ದಳಂತೆ. ಇದಿಲ್ಲದಿದ್ದರೆ ಹೋಗುವಂತೆಯೇ ಇಲ್ಲ. ನಾಳೆ ಬೆಳಿಗ್ಗೆ ಬಸ್ಸು.

"ಕಲ್ಲು ಚುಚ್ಚಲ್ವಾ ತಾಯಿ?"

"ಚುಚ್ಚುತ್ತೆ. ಚುಚ್ಚಿದ್ರೆ ಕಾಲು ಪಕ್ಕಕ್ಕೆ ಇಡ್ತೀನಿ."

ಆತ ಏನೂ ಅರ್ಥವಾಗದೆ ಹೆಂಡತಿಯ ಕಡೆ ನೋಡಿದ. ಅವಳು ಜಿಪ್ಪಿನಿಂದ ಕಣ್ಣೆತ್ತಲಿಲ್ಲ. "ಹಲ್ಲುನೋವು ಅಂತ ಬಂದೋರಿಗೆ ನಮ್ಮ ಡಾಕ್ಟ್ರು ಹೊಟ್ಟೆ ಕೊಯ್ದಿದ್ದಾರೆ."

ಸಂಜೆಯೊಳಗೆ ಸರಿಮಾಡುತ್ತೇನೆ ಎಂದು ಆತ ಹೇಳಿಬಿಟ್ಟ. ಹೇಗೆಂಬುದು ಮಾತ್ರ ಹೊಳೆಯಲಿಲ್ಲ. ಬಿಸಿಮಾಡಿ ಎಬ್ಬಿಸಿದಾಗ ದಪ್ಪ ಅಟ್ಟೆಯೊಂದಿಗೆ ಮೂಲದ ತೆಳು ಅಟ್ಟೆಯೂ ಚಕ್ಕೆ ಚಕ್ಕೆಯಾಗಿ ಕಿತ್ತುಬಂತು. ಅಷ್ಟು ತೆಳುವಾದ ರಬ್ಬರು ಆತನ ಬಳಿ ಇರಲಿಲ್ಲ. ಅದನ್ನು ಕೇಳಿದವರೇ ಇಲ್ಲ. ಇದ್ದ ರಬ್ಬರಿನ ಒಂದು ಹಾಳೆಯನ್ನು ಉಜ್ಜುವ ಚಕ್ರಕ್ಕೆ ಹಿಡಿದು ತೆಳ್ಳಗೆ ಮಾಡುತ್ತಾ ಹೋದ. ಎಲ್ಲಿ ನಿಲ್ಲಿಸಬೇಕು? ದಪ್ಪ ಎಷ್ಟಿದ್ದರೆ ಬಾಳಿಕೆ ಬರುತ್ತದೆಂದು ಕೈಗೆ ಗೊತ್ತಿತ್ತು; ತೆಳು ಎಷ್ಟಿದ್ದರೆ ಒಳ್ಳೆಯದೆಂದು ಗೊತ್ತಿರಲಿಲ್ಲ. ಕೊನೆಗೆ ಕಣ್ಣುಮುಚ್ಚಿಕೊಂಡು, ಹೆಂಡತಿಯಿಂದ ನೆಲದ ಮೇಲೊಂದು ಅಂಗಿ ಗುಂಡಿ ಇಡಿಸಿ, ಅದರ ಮೇಲೆ ಹಾಳೆ ಹಾಸಿಸಿ, ಬರಿಗಾಲಲ್ಲಿ ತುಳಿದ. ಗುಂಡಿ ಎಲ್ಲಿದೆಯೆಂದು ತಿಳಿಯದಿದ್ದಾಗ ಮತ್ತೆ ಉಜ್ಜಿದ. ಐದನೆಯ ಸಲ, ಹೆಬ್ಬೆರಳ ಕೆಳಗೆ ಎಂದು ಖಚಿತವಾಗಿ ಹೇಳಿದ. ಈ ಸಲ ಗುಂಡಿ ಇಟ್ಟೇ ಇಲ್ಲ ಎಂದಳು ಹೆಂಡತಿ. ಆರನೆಯ ಸಲ ಇಟ್ಟಳು, ಆತ ಸರಿಯಾಗಿಯೇ ಹೇಳಿದ. ಕಾಲಿಗೆ ತಿಳಿಯಿತೋ, ಊಹೆ ಹೊಂದಿತೋ ಎಂಬುದು ಆತನಿಗೇ ಅನುಮಾನ. ಹೊತ್ತು ಮೀರುತ್ತಿತ್ತು. ಅದೇ ಹಾಳೆಯಿಂದ ಎರಡೂ ಅಟ್ಟೆ ಕತ್ತರಿಸಿ ಅಂಟಿಸಿದ.

ಸಂಜೆ ಅವಳು ಶೂ ಹಾಕಿಕೊಂಡು ಮೂರು ಅಂತಸ್ತು ಹತ್ತಿ ಇಳಿದಳು. ಸರಿಯಿದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಬರ್ತೀನಿ ಎಂದು ಹೊರಟಳು.

ಒಂಬತ್ತನೆಯ ದಿನ ಬಂದಳು. ಆತ ಮೊದಲು ನೋಡಿದ್ದು ಅವಳ ಕಾಲನ್ನು, ಕುಂಟುತ್ತಿರಲಿಲ್ಲ. ಆರು ದಿನವೂ ನಡೆದಿದ್ದಳು. ಶೂಗಳನ್ನು ಹಲಗೆಯ ಮೇಲಿಟ್ಟಳು. ಬಲಗಾಲಿನದು ಕೊಟ್ಟ ಹಾಗೆಯೇ ಇತ್ತು. ಎಡಗಾಲಿನದು ನಾಲ್ಕನೆಯ ದಿನ ಬಾಯಿಬಿಟ್ಟಿತ್ತು. ದಾರ ಸುತ್ತಿಕೊಂಡು ನಡೆದಿದ್ದಳು. ಆತ ತಲೆತಗ್ಗಿಸಿ ಬೈಗುಳಕ್ಕೆ ಕಾದ.

"ಎಡಗಡೇದು ಚೆನ್ನಾಗಿತ್ತಣ್ಣ, ನೆಲ ಗೊತ್ತಾಗ್ತಿತ್ತು. ಬಲಗಡೇದು ಸ್ವಲ್ಪ ದಪ್ಪ ಆಯ್ತು. ಎರಡನ್ನೂ ಎಡಗಡೇದ್ರ ಹಾಗೆ ಮಾಡ್ಕೊಡಿ."

"ಕಿತ್ತುಹೋಗಿದ್ಯಲ್ಲ, ಅದ್ರ ಹಾಗಾ?"

"ಹೂಂ, ಅದ್ರ ಹಾಗೇ."

ಮುಂದಿನ ತಿಂಗಳು ಮತ್ತೆ ಹೋಗುವುದಿದೆ ಎಂದು ಹೇಳಿ ಹೊರಟಳು. ಆತ ಎರಡು ಅಟ್ಟೆಗಳ ಅಂಚನ್ನೂ ಬೆರಳ ನಡುವೆ ಹಿಡಿದು ನೋಡಿದ, ಬೆಳಕಿಗೆ ತಿರುಗಿಸಿ ನೋಡಿದ, ಅಳತೆಪಟ್ಟಿ ಇಟ್ಟೂ ನೋಡಿದ. ಯಾವುದು ದಪ್ಪ, ಯಾವುದು ತೆಳು ಎಂದು ಆತನಿಗೆ ತಿಳಿಯಲಿಲ್ಲ.