ಅತ್ತೆ ಕತ್ತರಿಸದ ಭಾಷಣ

ಅತ್ತೆಯ ಸ್ಟುಡಿಯೋದಲ್ಲಿ ನನ್ನ ನೌಕರಿ ಶುರುವಾದದ್ದು ಚೆನ್ನಾಗಿದ್ದ ಒಂದು ಸ್ಪೀಕರನ್ನು ಕೆಡಿಸುವುದರಿಂದ. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಅವಳು ದೊಡ್ಡ ಟೀವಿಯೆದುರು ಸ್ಟೂಲಿನ ಮೇಲೆ ಕೂತಿದ್ದಳು. ಪರದೆಯ ಮೇಲೆ ಒಬ್ಬಾಕೆ ತಲೆ ಹಿಂದಕ್ಕೆ ಚೆಲ್ಲಿ ಹಾಡುತ್ತಿದ್ದಾಳೆ, ಪಕ್ಕದವನು ಡ್ರಮ್ಮು ಒಡೆದು ಹೋಗುವಂತೆ ಬಡಿಯುತ್ತಿದ್ದಾನೆ, ಕೋಣೆಯಲ್ಲಿ ಮಾತ್ರ ಪಿಟ್ಟೆಂಬ ಸದ್ದಿಲ್ಲ. ಪಾಪ, ಸ್ಪೀಕರ್ ಕೆಟ್ಟಿದೆ, ಅತ್ತೆಗೆ ಗೊತ್ತಾಗಿಲ್ಲ ಎಂದುಕೊಂಡೆ. ಆಗಷ್ಟೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವನು ನಾನು, ಬಿಡುತ್ತೇನೆಯೇ? ಅವಳು ಚಹಾಕ್ಕೆ ಎದ್ದದ್ದೇ ತಡ, ಸ್ಪೀಕರಿನ ಹೊಟ್ಟೆ ಬಗೆದು ಕರುಳನ್ನೆಲ್ಲ ಮೇಜಿನ ಮೇಲೆ ಹರಡಿದೆ.

"ಏನೋ ಇದು?"

"ಸದ್ದೇ ಬರ್ತಿರಲಿಲ್ಲ ಅತ್ತೆ. ಸರಿ ಮಾಡ್ತಿದೀನಿ."

"ನಾನೇ ಬಂದ್ ಮಾಡಿದ್ದು ಕಣೋ, ಬೃಹಸ್ಪತಿ! ಸದ್ದಿದ್ರೆ ಕಣ್ಣು ಸೋಮಾರಿ ಆಗುತ್ತೆ. ಹಾಡು ಚೆನ್ನಾಗಿದ್ರೆ ಚಿತ್ರಾನೂ ಚೆನ್ನಾಗಿದೆ ಅಂತ ತಲೆ ಆಡಿಸ್ತಾ ಕೂರ್ತೀವಿ. ಡಿಸ್ಕ್ ಪರೀಕ್ಷೆ ಮಾಡ್ಬೇಕಂದ್ರೆ ಮೊದಲು ಅದರ ಬಾಯಿ ಮುಚ್ಚಿಸ್ಬೇಕು."

ಆ ಸ್ಪೀಕರಿನ ಬಲಭಾಗ ಅಂದಿನಿಂದ ಬಾಯಿ ಬಿಟ್ಟಿಲ್ಲ. ನನ್ನ ವಿದ್ಯಾರ್ಹತೆಗೆ ಸದ್ಯಕ್ಕಿರುವ ಏಕೈಕ ಪುರಾವೆ ಅದು.

ಅತ್ತೆ ನನ್ನಪ್ಪನ ತಂಗಿ. ಮದುವೆಗೆ ಮುಂಚೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಆಮೇಲೆ ಮಾವ ಯಾರ ಮಾತನ್ನೂ ಕೇಳದೆ ಒಂದು ವಿಡಿಯೋ ಕ್ಯಾಮೆರಾ ಕೊಂಡರು. ಕ್ಯಾಮೆರಾ ಹಿಡಿದು ಊರು ಸುತ್ತುವುದು ಅವರಿಗೆ ಇಷ್ಟ; ಕಂಪ್ಯೂಟರಿನ ಮುಂದೆ ಅರ್ಧ ಗಂಟೆ ಕೂತರೆ ಮಾತ್ರ ಅವರ ಸೊಂಟ, ಕುತ್ತಿಗೆ, ಮಂಡಿ ಎಲ್ಲವೂ ಒಟ್ಟಿಗೇ ನೋಯಲು ಶುರು. ಹಾಗಾಗಿ ಅತ್ತೆಯೇ ಕೂತಳು. ಕೂತವಳು ಏಳಲೇ ಇಲ್ಲ. ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆ ಅವಳ ಸಾಮ್ರಾಜ್ಯ. ಹೊರಗಿನದರಲ್ಲಿ ಸ್ಪ್ರಿಂಗು ಚುಚ್ಚುವ ಸೋಫಾ. ಒಳಗಿನದರಲ್ಲಿ ಕಂಪ್ಯೂಟರು, ಡಿಸ್ಕ್ ರೈಟರು, ಮತ್ತು ಡಿಸ್ಕಿನ ಕವರುಗಳು ಹಾರುತ್ತವೆಂದು ಜೋರಾಗಿ ತಿರುಗಲು ಅನುಮತಿ ಇಲ್ಲದ ಫ್ಯಾನು. ಅವಳಿಗೆ ಗೊತ್ತಿಲ್ಲದ ವಿಷಯಗಳು ಬೇಕಾದಷ್ಟಿವೆ. ಈಮೇಲ್ ಪಾಸ್‌ವರ್ಡನ್ನು ವಾರಕ್ಕೊಮ್ಮೆ ಮರೆಯುತ್ತಾಳೆ, ಕಂಪ್ಯೂಟರ್ ನಿಂತುಹೋದರೆ ಅದರ ಬೆನ್ನಿಗೆ ಎರಡು ಬಿಡುತ್ತಾಳೆ. ಆದರೆ ಡಿಸ್ಕಿನ ವಿಷಯಕ್ಕೆ ಯಾರಾದರೂ ಬಂದರೆ ಮುಗಿಯಿತು.

"ಡಿಸ್ಕ್ ಅಂದ್ರೆ ಬಟ್ಟೆ ಇದ್ದ ಹಾಗೆ. ಅಳತೆ ಇಷ್ಟೇ. ಉದ್ದನೂ ಬೇಕು, ನೆರಿಗೆನೂ ತುಂಬ ಬೇಕು ಅಂದ್ರೆ ನಾನೇನು ನನ್ನ ಸೆರಗು ಹರಿದು ಜೋಡಿಸ್ಲಾ?"

ವಾಲ್ವ್ ಸಾಹೇಬರು ಕೇಳಿದ್ದೂ ಅದನ್ನೇ. ನೀರು ಸರಬರಾಜು ಕಚೇರಿಯಲ್ಲಿ ತಲೆ ನರೆಯುವವರೆಗೆ ದುಡಿದು ನಿವೃತ್ತರಾದವರು. ಊರಿನ ಪ್ರತಿ ವಾಲ್ವಿನ ಜಾಗವೂ ಅವರಿಗೆ ಬಾಯಿಪಾಠ, ಅದರಿಂದ ಆ ಹೆಸರು. ಅವರ ಬೀಳ್ಕೊಡುಗೆ ಸಮಾರಂಭ ಬೆಳಗ್ಗೆ ಶುರುವಾಗಿ ಸಂಜೆಗೆ ಮುಗಿದಿತ್ತು, ಪೂರ್ತಿ ಚಿತ್ರೀಕರಿಸಿದ್ದು ಮಾವ.

"ಎಲ್ಲಾ ಒಂದೇ ಡಿಸ್ಕಲ್ಲಿ ಬರ್ಬೇಕು ಮೇಡಂ, ಬ್ಲೂ-ರೇನಲ್ಲಿ. ಕ್ವಾಲಿಟಿ ಮಾತ್ರ ಎ-ಒನ್ ಇರ್ಲಿ."

"ಯಾಕೆ ಸಾರ್ ಅಷ್ಟೊಂದು?"

"ನಮ್ಮ ಮನೆಯವರಿಗೆ ಕಿವಿ ಕೇಳ್ಸಲ್ಲ. ತುಟಿ ನೋಡಿ ಮಾತು ತಿಳ್ಕೊಳ್ತಾರೆ. ನನ್ನ ಮೀಸೆ ಯಾಕೆ ಇಷ್ಟು ತೆಳ್ಳಗಿದೆ ಅಂದ್ಕೊಂಡ್ರಿ? ತುಟಿ ಮುಚ್ಚಬಾರದು ಅಂತ ಅವಳದೇ ಆರ್ಡರು. ಪಾಪ, ಕಾಲಿಗೆ ಪ್ಲಾಸ್ಟರ್ ಹಾಕ್ಸಿಕೊಂಡು ಮಲಗಿದ್ಲು, ಸಮಾರಂಭಕ್ಕೆ ಬರೋಕಾಗ್ಲಿಲ್ಲ. ಏನ್ ಮಾತಾಡಿದ್ರಿ, ಏನ್ ಮಾತಾಡಿದ್ರಿ ಅಂತ ದಿನಾ ಜೀವ ತಿಂತಾಳೆ. ಡಿಸ್ಕ್ ಬರ್ಲಿ, ನೀನೇ ನೋಡು ಅಂದಿದೀನಿ!"

ಅವರು ಎದೆಯುಬ್ಬಿಸಿಕೊಂಡೇ ಮೆಟ್ಟಿಲಿಳಿದರು. ಅತ್ತೆ ತೋಳು ಮಡಚಿದಳು.

ನನ್ನನ್ನು ಕೇಳಿದ್ದರೆ ಪರದೆಯ ಮೇಲಿನ ಕ್ವಾಲಿಟಿಯ ಕಡ್ಡಿಯನ್ನು ಬಲತುದಿಗೆ ತಳ್ಳಿ ಊಟಕ್ಕೆ ಹೋಗುತ್ತಿದ್ದೆ. ಕೇಳದಿದ್ದರೂ ಹಾಗೆಯೇ ಮಾಡಿದೆ. ಬಂದು ನೋಡಿದರೆ ಫೈಲು ಡಿಸ್ಕಿಗಿಂತ ಮೂರು ಪಟ್ಟು ದೊಡ್ಡದಾಗಿತ್ತು. ಆಮೇಲೆ ಬುದ್ಧಿವಂತಿಕೆ ಮಾಡಿ ಎಲ್ಲವೂ ಹಿಡಿಯುವಷ್ಟು ಫೈಲನ್ನು ಒತ್ತಿ ಕುಗ್ಗಿಸಿದೆ. ಹಿಡಿಯಿತು. ಸಾಹೇಬರ ಬಾಯಿ ಮಾತ್ರ ನೀರಲ್ಲಿ ನೆನೆದ ಬಿಸ್ಕತ್ತಿನಂತೆ ಕಾಣುತ್ತಿತ್ತು.

"ಇದ್ರಲ್ಲಿ ಏನ್ ಓದ್ತಾರೋ ಅವರು? ಮೀಸೆನಾ?" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಅತ್ತೆ ಕೂತಳು.

ಮೊದಲು ಕತ್ತರಿ ಬಿದ್ದದ್ದು ಊಟದ ಭಾಗಕ್ಕೆ. ಮಾವ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರು ಅಗಿಯುವುದನ್ನೂ ಹಿಡಿದಿದ್ದರು.

"ಅದನ್ನ ತೆಗೀಬೇಡ್ವೇ! ಉಂಡವರಿಗೆ ತಾವು ಉಂಡದ್ದನ್ನ ನೋಡೋ ಆಸೆ ಇರುತ್ತೆ," ಎಂದು ಮಾವ ಗೋಗರೆದರು.

"ರೀ, ಅವರವರ ಮನೇಲಿ ಕನ್ನಡಿ ಇದೆ. ಸುಮ್ನಿರಿ."

ಆಮೇಲೆ ಹೂಗುಚ್ಛಗಳ ಮೆರವಣಿಗೆ ಹೋಯಿತು, ಮೈಕ್ ಪರೀಕ್ಷೆ ಹೋಯಿತು, ಖಾಲಿ ಕುರ್ಚಿಗಳು ಹೋದವು. ಭಾಷಣವನ್ನು ಮಾತ್ರ ಅವಳು ಮುಟ್ಟಲಿಲ್ಲ. ಸಾಹೇಬರು ಮಧ್ಯೆ ನೀರು ಕುಡಿದದ್ದೂ ಹಾಗೆಯೇ ಉಳಿಯಿತು. ಕ್ಯಾಮೆರಾ ಹಿಡಿದ ಚಿತ್ರದ ಅಳತೆಯನ್ನೇ ಇಟ್ಟಳು, ಹಿಗ್ಗಿಸಲಿಲ್ಲ, ಕುಗ್ಗಿಸಲಿಲ್ಲ. ಕಂಪ್ಯೂಟರಿಗೆ ಎರಡು ಸುತ್ತು ಕೆಲಸ ಹೇಳಿದಳು: ಮೊದಲ ಸುತ್ತಿನಲ್ಲಿ ಎಲ್ಲೆಲ್ಲಿ ಹೆಚ್ಚು ಜಾಗ ಬೇಕೆಂದು ಬರೀ ನೋಡುವುದು, ಎರಡನೆಯದರಲ್ಲಿ ಅದರಂತೆ ಹಂಚುವುದು. ಭಾಷಣಕ್ಕೆ ತಾನೇ ಕೈಯಾರೆ ಇನ್ನಷ್ಟು ಜಾಗ ಸುರಿದಳು. ಡಿಸ್ಕನ್ನು ತೀರಾ ಕಡಿಮೆ ವೇಗದಲ್ಲಿ ರೈಟ್ ಮಾಡಲಿಟ್ಟಳು. ಬೇಗ ಮುಗಿಸೋಣವೆಂದು ಕೈ ಚಾಚಿದ ನನಗೆ ಬೆರಳಿನ ಮೇಲೊಂದು ಏಟು ಸಿಕ್ಕಿತು.

ಮರುದಿನ ಸಾಹೇಬರನ್ನು ಕರೆಸಿ ಟೀವಿಯೆದುರು ಕೂರಿಸಿದಳು. ಸದ್ದು ಬಂದ್.

"ನಿಮ್ಮ ಮನೆಯವರು ಹೇಗೆ ನೋಡ್ತಾರೋ ಹಾಗೇ ನೋಡಿ ಸಾರ್."

ಸಮಾರಂಭದ ದಿನ ಮಾವ ಒಂದೇ ಒಂದು ಒಳ್ಳೆಯ ಕೆಲಸ ಮಾಡಿದ್ದರು: ಮೈಕು ಬಾಯಿಗೆ ಅಡ್ಡ ಬರದಂತೆ ಪಕ್ಕದಲ್ಲಿ ನಿಂತಿದ್ದರು. ಪರದೆಯ ಮೇಲಿನ ಸಾಹೇಬರ ತುಟಿ ಎಷ್ಟು ಸ್ಪಷ್ಟವಾಗಿತ್ತೆಂದರೆ, ನನ್ನಂಥವನಿಗೂ ಪಂಪಿನ ಆಪರೇಟರ್, ಟೀ ಕೊಡುವಾಕೆ, ಹಳೇ ಜೀಪು ಎಲ್ಲ ತಿಳಿಯುತ್ತಿತ್ತು. ಸಾಹೇಬರು ಮೊದಮೊದಲು ತಾವೇ ತಮ್ಮ ಮಾತಿಗೆ ತಲೆದೂಗಿದರು. ಆಮೇಲೆ ತಲೆ ನಿಂತಿತು. ಭಾಷಣ ಮುಗಿಯುವ ಹೊತ್ತಿಗೆ ಕರ್ಚೀಫು ಹೊರಬಂದಿತ್ತು.

"ಮೇಡಂ... ಎಲ್ಲರಿಗೂ ಥ್ಯಾಂಕ್ಸ್ ಹೇಳಿದೀನಿ."

"ಹೌದು ಸಾರ್. ಜೀಪಿಗೂ."

"ಅವಳೊಬ್ಬಳನ್ನ ಬಿಟ್ಟೆ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು, ಹೆಂಡತಿಗೆ ಕೇಳಿಸಿಬಿಡುತ್ತದೇನೋ ಎಂಬಂತೆ. "ಎದುರಿಗೆ ಕೂತಿದ್ದಿದ್ರೆ ಖಂಡಿತ ನೆನಪಾಗೋದು. ಈಗ... ಈ ಭಾಗದಲ್ಲಿ ಕ್ವಾಲಿಟಿ ಸ್ವಲ್ಪ ಕಡಿಮೆ ಮಾಡೋಕೆ ಬರುತ್ತಾ? ಬರೀ ಬಾಯಿ ಹತ್ರ?"

ನನಗೆ ನಗು ತಡೆಯಲಾಗದೆ ಮೇಜಿನ ಕೆಳಗೆ ಬಗ್ಗಿ ಇಲ್ಲದ ಪೆನ್ನು ಹುಡುಕಿದೆ.

"ಬರುತ್ತೆ. ಆದ್ರೆ ನಾನು ಮಾಡಲ್ಲ," ಅಂದಳು ಅತ್ತೆ. "ನಿನ್ನೆ ಇಡೀ ದಿನ ಆ ಬಾಯಿಗೋಸ್ಕರ ಕೂತಿದೀನಿ. ಮನೆಗೆ ಹೋಗಿ ಮರೆತೆ ಅಂತ ಹೇಳ್ಬಿಡಿ. ಬೈತಾರೆ, ಬೈಸ್ಕೊಳ್ಳಿ."

ಸಾಹೇಬರು ಡಿಸ್ಕನ್ನು ಕೈಯಲ್ಲಿ ಹಿಡಿದು, ಒಡೆದ ಪೈಪು ಹಿಡಿದವರಂತೆ ಮೆಟ್ಟಿಲಿಳಿದರು. ಸೊಂಟ ನೋವೆಂದು ಸೋಫಾದಲ್ಲಿ ಮಲಗಿದ್ದ ಮಾವ, "ಸ್ವಲ್ಪ ಮಸುಕು ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಒಬ್ಬ ಗಂಡಸಿನ ಮಾನ ಉಳೀತಿತ್ತು," ಅಂದರು.

"ಆಕೆ ಇಷ್ಟು ದಿನ ಕಾದು ನೋಡೋದು ನನ್ನ ಮಸುಕನ್ನಾ?" ಅಂದಳು ಅತ್ತೆ. ಮಾವ ಮಗ್ಗುಲು ಬದಲಿಸಿದರು.

ವಾರ ಕಳೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿತು. ಮುಂದೆ ಸಾಹೇಬರ ಹೆಂಡತಿ, ಹಿಂದೆ ಸಾಹೇಬರು. ಆಕೆ ಸೋಫಾ ಬೇಡವೆಂದು ಕೈಯಾಡಿಸಿ, ಸೀದಾ ಒಳಗೆ ಬಂದು, ಅತ್ತೆಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಕಣ್ಣು ಅತ್ತೆಯ ಬಾಯಿಯ ಮೇಲೆ.

"ಡಿಸ್ಕ್ ಬಹಳ ಚೆನ್ನಾಗಿದೆ ಕಣಮ್ಮಾ. ಒಂದು ಮಾತೂ ತಪ್ಪದ ಹಾಗೆ ಸಿಕ್ತು. ನಮ್ಮ ಮಗನ ಮದುವೆ ಡಿಸ್ಕಲ್ಲಿ ಎಲ್ಲರೂ ಬಾಯಿ ಬಿಟ್ಟ ಮೀನಿನ ಥರ ಇದ್ರು." ಆಕೆ ಊರುಗೋಲನ್ನು ಮಂಡಿಯ ಮೇಲೆ ಅಡ್ಡಲಾಗಿಟ್ಟುಕೊಂಡರು. "ಒಂದು ಕೇಳ್ಬೇಕಿತ್ತು. ಇವರು ನನ್ನ ಬಗ್ಗೆನೂ ಬಹಳ ಹೊತ್ತು ಮಾತಾಡಿದ್ರಂತೆ. ಜಾಗ ಸಾಲದೆ ಅದನ್ನ ನೀವೇ ಕತ್ತರಿಸಿದ್ರಂತೆ. ಹೌದಾ?"

ಹೆಂಡತಿಯ ಬೆನ್ನ ಹಿಂದೆ ನಿಂತಿದ್ದ ಸಾಹೇಬರು ಎರಡೂ ಕೈ ಜೋಡಿಸಿದರು. ಜೋಡಿಸಿದ ಕೈಯನ್ನು ಹಣೆಗೆತ್ತಿದರು. ಮಾವನಿಗೆ ಕ್ಯಾಮೆರಾ ಚೀಲದಲ್ಲಿ ಇದ್ದಕ್ಕಿದ್ದಂತೆ ಏನೋ ತುರ್ತು ಕೆಲಸ ಹುಟ್ಟಿತು. ನಾನು ಫ್ಯಾನು ನೋಡಿದೆ. "ಹೂಂ" ಎಂಬ ಒಂದೇ ಮಾತಿಗೆ ಮೂವರು ಗಂಡಸರು ಕಾಯುತ್ತಿದ್ದೆವು.

ಅತ್ತೆ ಕುರ್ಚಿಯನ್ನು ಕಿಟಕಿಯ ಕಡೆ ಸ್ವಲ್ಪ ತಿರುಗಿಸಿ, ತುಟಿ ಚೆನ್ನಾಗಿ ಕಾಣುವಂತೆ ಮುಖವೆತ್ತಿ, ಬಿಡಿಬಿಡಿಯಾಗಿ ಹೇಳಿದಳು:

"ಭಾಷಣದಲ್ಲಿ ನಾನು ಒಂದು ಕೆಮ್ಮನ್ನೂ ಕತ್ತರಿಸಿಲ್ಲ. ನಿಮ್ಮನ್ನ ಮರೆತದ್ದು ಅವರೇ. ಇಗೋ, ಹಿಂದೇನೇ ನಿಂತಿದಾರೆ, ಮುಂದೆ ಕರ್ಕೊಂಡು ಈಗ ಹೇಳ್ಸಿ. ಬೆಳಕು ಚೆನ್ನಾಗಿದೆ."